ಹಳೆಯ ಲ್ಯಾಂಬೋರ್ಗಿನಿ ಕೊಳ್ಳಬಹುದೇ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಲ್ಯಾಂಬೋರ್ಗಿನಿ ಕಡಿಮೆ ಬೆಲೆಗೆ ಸಿಕ್ಕರೆ ಊರಲ್ಲಿ ಇಟ್ಟುಕೊಳ್ಳಬಹುದೇ?
– ಓದುಗರೊಬ್ಬರು, ದೋರನಹಳ್ಳಿ

ಉತ್ತರ: ಇಟ್ಟುಕೊಳ್ಳಬಹುದು, ಆದರೆ ಕೊಟ್ಟ ಹಣ ಬರೀ ಮುಂಗಡ ಎಂದುಕೊಳ್ಳಿ. 2003ರಿಂದ 2013ರವರೆಗೆ ತಯಾರಾದ ಗಲ್ಲಾರ್ಡೊ ನೋಡಿ. ಹೊಸ ಮಾದರಿಗಳಿಗಿಂತ ಎಷ್ಟೋ ಅಗ್ಗ. ಹತ್ತು ಸಿಲಿಂಡರಿನ ಎಂಜಿನ್ನಿನ ದನಿಯಂತೂ ಇಂದಿಗೂ ಮೈ ಜುಮ್ಮೆನಿಸುತ್ತದೆ. ಆದರೆ ಕ್ಲಚ್ ಪೆಡಲ್ ಇಲ್ಲದ ಇ-ಗೇರ್ ಇರುವ ಗಾಡಿಯನ್ನು ಸಂತೆ ಸಂದಣಿಯಲ್ಲಿ ನಿಲ್ಲಿಸುತ್ತ, ತೆವಳಿಸುತ್ತ ಓಡಿಸಿದರೆ ಕ್ಲಚ್ ಬೇಗ ಸವೆಯುತ್ತದೆ. ತಳ ತಗ್ಗಾದ್ದರಿಂದ ರೋಡ್ ಹಂಪುಗಳ ಭಯ ಬೇರೆ. ಕೆಟ್ಟರೆ ಸುಮಾರು 500 ಕಿ.ಮೀ. ದೂರದ ಬೆಂಗಳೂರಿಗೆ ಲಾರಿಯ ಮೇಲೆ ಹೇರಿಕೊಂಡು ಹೋಗಬೇಕಾದೀತು. ಹೊರರಾಜ್ಯದ ನೋಂದಣಿಯಿದ್ದರೆ ಇನ್ನೂ ಎಚ್ಚರ: ಕರ್ನಾಟಕದ ತೆರಿಗೆ ಕಟ್ಟದ 30 ಐಷಾರಾಮಿ ಕಾರುಗಳನ್ನು 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಜಪ್ತಿ ಮಾಡಿತ್ತು. ಸರ್ವಿಸ್ ದಾಖಲೆ ಪೂರ್ತಿ ಇಲ್ಲದ ಗಾಡಿಯನ್ನು ಮಾತ್ರ ಮುಟ್ಟಲೇಬೇಡಿ.