ತಿಜೋರಿಗೆ ಬೀಗವಿದೆ, ಫೈಲುಗಳಿಗೆ?

2005ರ ಜುಲೈ 26ನ್ನು ಮುಂಬಯಿಯ ಹೋಟೇಲಿಗರು ಮರೆತಿರಲಾರರು. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದ ಆ ದಿನ ಸಯನ್, ಕುರ್ಲಾ ಕಡೆಯ ತಗ್ಗು ಜಾಗಗಳೆಲ್ಲ ನೀರಿನಲ್ಲಿ ಮುಳುಗಿದವು. ಹಾಳಾದ ಅಕ್ಕಿ, ಉದ್ದು, ಮೈದಾವನ್ನು ಮತ್ತೆ ತರಬಹುದು. ಆದರೆ ಗಲ್ಲಾದ ಕೆಳಗಿನ ಕಪಾಟಿನಲ್ಲಿದ್ದ ಲೈಸನ್ಸು, ಬಾಡಿಗೆ ಕರಾರು, ಲೆಕ್ಕದ ಪುಸ್ತಕ ನೆನೆದು ಮುದ್ದೆಯಾದರೆ ಕಚೇರಿಯಿಂದ ಕಚೇರಿಗೆ ಅಲೆದಾಟ ತಪ್ಪಿದ್ದಲ್ಲ.

ಇಂದು ಆ ಭಯ ಕಡಿಮೆಯಾಗಿದೆ. ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್‌ನಂತಹ ಆನ್‌ಲೈನ್ ಸಂಗ್ರಹದಲ್ಲಿ, ಅಂದರೆ 'ಕ್ಲೌಡ್'ನಲ್ಲಿ ಇಡುವ ರೂಢಿ ನಮ್ಮವರಲ್ಲೂ ಬಂದಿದೆ. ಮಳೆಯ ನೀರು ಅಲ್ಲಿಗೆ ತಲುಪದು. ಆದರೆ ಮನುಷ್ಯರು ತಲುಪುತ್ತಾರೆ.

ಸಯನ್ ಸ್ಟೇಶನ್ ಸಮೀಪದ ಮಿತ್ರರೊಬ್ಬರಿಗೆ ಇದು ತಿಳಿದದ್ದು ಮದುವೆಯ ಆರ್ಡರೊಂದರ ಚೌಕಾಸಿಯಲ್ಲಿ. "ಎಲೆಯೊಂದಕ್ಕೆ ನಿಮಗೆ ಬೀಳುವ ಖರ್ಚು ಇಷ್ಟೇ ಅಲ್ಲವೇ ಅಣ್ಣಾ?" ಎಂದು ಗಿರಾಕಿ ಕೇಳಿದಾಗ ಅವರು ದಂಗಾದರು. ಹೇಳಿದ ಅಂಕಿ ಸರಿಯಾಗಿಯೇ ಇತ್ತು. ವಿಚಾರಿಸಿ ನೋಡಿದರೆ, ಎಂಟು ತಿಂಗಳ ಹಿಂದೆ ಕೆಲಸ ಬಿಟ್ಟ ಮ್ಯಾನೇಜರನ ಮೊಬೈಲಿನಲ್ಲಿ ಹೋಟೇಲಿನ ಡ್ರೈವ್ ಖಾತೆ ಇನ್ನೂ ತೆರೆದೇ ಇತ್ತು. ಆತನೇ ಹೇಳಿದನೆನ್ನಲು ಆಧಾರವಿಲ್ಲ. ಬಾಗಿಲು ಮುಚ್ಚದೇ ಇದ್ದವರು ನಾವೇ.

ಎರಡು ಬೀಗ ಬೇಕು

ಕ್ಲೌಡ್ ಕಂಪೆನಿಗಳು ತಮ್ಮಲ್ಲಿರುವ ಮಾಹಿತಿಯನ್ನು ಗೂಢಲಿಪಿಯಲ್ಲಿ ಇಡುತ್ತವೆ ನಿಜ. ಅದು ಕಟ್ಟಡದ ವಾಚ್‌ಮನ್ ಇದ್ದ ಹಾಗೆ. ನಿಮ್ಮ ಖಾತೆಗೆ ಲಾಗಿನ್ ಆದವರನ್ನು ಅವನು ಮಾಲಕರೆಂದೇ ತಿಳಿದು ಒಳಗೆ ಬಿಡುತ್ತಾನೆ. ಆದ್ದರಿಂದ ಖಾತೆಗೊಂದು ಬೀಗ, ಮುಖ್ಯ ಫೈಲಿಗೆ ಇನ್ನೊಂದು ಬೀಗ ಅಗತ್ಯ.

ಖಾತೆಯ ಬೀಗವೆಂದರೆ ಗಟ್ಟಿ ಪಾಸ್‌ವರ್ಡ್ ಮತ್ತು ಮೊಬೈಲಿಗೆ ಬರುವ ಎರಡನೇ ಹಂತದ ಪರಿಶೀಲನೆ. ಸಿಬ್ಬಂದಿ ಕೆಲಸ ಬಿಟ್ಟ ದಿನವೇ ಪಾಸ್‌ವರ್ಡ್ ಬದಲಿಸಿ, ಅವರ ಮೊಬೈಲಿನಿಂದ ಖಾತೆಯನ್ನು ಹೊರಹಾಕಬೇಕು. 'ಲಿಂಕ್ ಇರುವ ಯಾರಾದರೂ ನೋಡಬಹುದು' ಎಂಬ ಆಯ್ಕೆಯ ಬದಲು, ಬೇಕಾದವರ ಇ-ಮೇಲ್‌ಗೆ ಮಾತ್ರ ಅನುಮತಿ ಕೊಡಿ.

ಫೈಲಿಗೆ ಬೀಗ ಹಾಕುವುದು ಹೇಗೆ?

ಗೂಗಲ್ ಡ್ರೈವ್‌ನಲ್ಲಿ ಒಂದೊಂದು ಫೈಲಿಗೆ ಬೇರೆ ಪಾಸ್‌ವರ್ಡ್ ಹಾಕುವ ವ್ಯವಸ್ಥೆಯಿಲ್ಲ. ಒನ್‌ಡ್ರೈವ್‌ನಲ್ಲಿ 'ಪರ್ಸನಲ್ ವಾಲ್ಟ್' ಎಂಬ ಪ್ರತ್ಯೇಕ ಖಾನೆಯಿದೆ. ಉಚಿತ ಖಾತೆಯವರಿಗೆ ಅದರಲ್ಲಿ 3 ಫೈಲುಗಳಿಗಷ್ಟೇ ಜಾಗ. ಹಾಗಾಗಿ ಕಂಪ್ಯೂಟರಿನಲ್ಲೇ ಬೀಗ ಹಾಕಿ, ನಂತರ ಮೇಲಕ್ಕೆ ಕಳುಹಿಸುವುದು ಎಲ್ಲರಿಗೂ ಅನುಕೂಲ.

1. ಎಕ್ಸೆಲ್ ಲೆಕ್ಕ: 'ಫೈಲ್', 'ಇನ್ಫೋ', 'ಪ್ರೊಟೆಕ್ಟ್ ವರ್ಕ್‌ಬುಕ್', 'ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್' ಎಂದು ಕ್ರಮವಾಗಿ ಒತ್ತಿ. 'ಪ್ರೊಟೆಕ್ಟ್ ಶೀಟ್' ಎಂಬುದು ಬೇರೆ. ಅದು ಅಂಕಿ ತಿದ್ದದಂತೆ ತಡೆಯುತ್ತದೆಯೇ ಹೊರತು ಓದದಂತೆ ತಡೆಯದು. ಹಲವರು ಮೋಸಹೋಗುವುದು ಇಲ್ಲೇ.

2. ವರ್ಡ್ ಪತ್ರ: ಪಿಡಿಎಫ್ ಆಗಿ ಉಳಿಸುವಾಗ 'ಆಪ್ಶನ್ಸ್' ಒಳಗೆ ಪಾಸ್‌ವರ್ಡ್ ಹಾಕುವ ಸೌಲಭ್ಯವಿದೆ.

3. ಹಲವು ಫೈಲುಗಳು ಒಟ್ಟಿಗೆ: '7-ಜಿಪ್' ಎಂಬ ಉಚಿತ ತಂತ್ರಾಂಶ ಸಾಕು. ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ, '7ಜಡ್' ಮಾದರಿ ಆರಿಸಿ, ಪಾಸ್‌ವರ್ಡ್ ಕೊಟ್ಟು, 'ಎನ್‌ಕ್ರಿಪ್ಟ್ ಫೈಲ್ ನೇಮ್ಸ್' ಗುರುತು ಹಾಕಿ. ಆಗ ಒಳಗಿನ ಫೈಲುಗಳ ಹೆಸರೂ ಹೊರಗಿನವರಿಗೆ ಕಾಣದು.

ಬೀಗ ಹಾಕಿದ ಪ್ರತಿಯನ್ನು ಕಳುಹಿಸಿ, ಅದು ಸರಿಯಾಗಿ ತೆರೆಯುವುದನ್ನು ಖಚಿತಪಡಿಸಿಕೊಂಡ ಮೇಲೆ, ಕ್ಲೌಡ್‌ನಲ್ಲಿರುವ ಬೀಗವಿಲ್ಲದ ಹಳೆಯ ಪ್ರತಿಯನ್ನು ಅಳಿಸಿ. ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ಡ್ರೈವ್‌ನಲ್ಲಿ ಅಳಿಸಿದ ಫೈಲು 30 ದಿನ ಅಲ್ಲೇ ಬಿದ್ದಿರುತ್ತದೆ.

ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ?

ಮೆನು ಕಾರ್ಡಿಗೆ ಬೀಗ ಬೇಡ. ಗಿರಾಕಿಗಳಿಗೆ ಕಾಣುವಂತೆ ತೂಗುಹಾಕಲೇಬೇಕಾದ ಎಫ್‌ಎಸ್‌ಎಸ್‌ಎಐ ಲೈಸನ್ಸಿಗೂ ಬೇಡ. ಆದರೆ ಖರ್ಚಿನ ಲೆಕ್ಕ, ಬ್ಯಾಂಕ್ ಸ್ಟೇಟ್‌ಮೆಂಟ್, ಪಾಲುಗಾರಿಕೆಯ ಕರಾರು, ಸಂಬಳದ ಪಟ್ಟಿ, ಕೆಲಸದ ಹುಡುಗರ ಆಧಾರ್ ಮತ್ತು ಪಾನ್ ಪ್ರತಿಗಳಿಗೆ ಖಂಡಿತ ಬೇಕು.

ನಮ್ಮನ್ನು ನಂಬಿ ಊರು ಬಿಟ್ಟು ಬಂದ ಹುಡುಗ ಆಧಾರ್ ಪ್ರತಿ ಕೊಟ್ಟಿರುತ್ತಾನೆ. ಅವನ ಹೆಸರಿನಲ್ಲಿ ಯಾರೋ ಸಾಲ ಎತ್ತಿದರೆ, ಸಿಮ್ ಕಾರ್ಡ್ ಪಡೆದರೆ ಅವನ ಗತಿಯೇನು? ಆಧಾರ್ ಸಂಖ್ಯೆಯ ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿಯೂ ಸಿಗುತ್ತದೆ. ಸಾಧ್ಯವಿದ್ದಲ್ಲಿ ಅದನ್ನೇ ಪಡೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ, ಇಂತಹ ಮಾಹಿತಿಗೆ ತಕ್ಕ ರಕ್ಷಣೆ ಕೊಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟಗೊಂಡಿದ್ದು, ಹಂತ ಹಂತವಾಗಿ ಜಾರಿಯಾಗುವಂತೆ ಗೊತ್ತುಮಾಡಲಾಗಿದೆ.

ಬೀಗದ ಕೈ ಎಲ್ಲಿ?

ಹೋಟೇಲಿನ ಹೆಸರು, ಮಗಳ ಹುಟ್ಟಿದ ದಿನ, ಗಾಡಿಯ ನಂಬರು ಪಾಸ್‌ವರ್ಡ್ ಆಗಬಾರದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಶಬ್ದಗಳನ್ನು ಸೇರಿಸಿದರೆ ನೆನಪಿಗೂ ಸುಲಭ, ಊಹೆಗೂ ಕಷ್ಟ. ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆ ಬಳಸಬೇಡಿ. 2012ರಲ್ಲಿ ಡ್ರಾಪ್‌ಬಾಕ್ಸ್ ಕಂಪೆನಿಯ ನೌಕರನೊಬ್ಬ ಹಾಗೆ ಮಾಡಿದ್ದರಿಂದಲೇ ಕಳ್ಳರು ಒಳನುಗ್ಗಿದರು. 6 ಕೋಟಿಗೂ ಹೆಚ್ಚು ಖಾತೆಗಳ ವಿವರ ಸೋರಿಹೋದದ್ದು 2016ರಲ್ಲಿ ಬಯಲಾಯಿತು.

ಇನ್ನೊಂದು ಎಚ್ಚರ. ಫೈಲಿನ ಪಾಸ್‌ವರ್ಡ್ ಮರೆತರೆ ಕಂಪೆನಿಯವರೂ ತೆರೆದುಕೊಡಲಾರರು. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕೆಂಬುದು ಕಾನೂನು. ಆರು ವರ್ಷಗಳಲ್ಲಿ ನಾವು ಎಷ್ಟೋ ಮರೆಯುತ್ತೇವೆ. ಆದ್ದರಿಂದ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ ಬ್ಯಾಂಕ್ ಲಾಕರಿನಲ್ಲಿಡಿ. ಮನೆಯ ಒಬ್ಬರಿಗೆ ತಿಳಿಸಿಡಿ. ಸಿ.ಎ. ಅವರಿಗೆ ಫೈಲನ್ನು ಮೇಲ್‌ನಲ್ಲಿ ಕಳುಹಿಸಿದರೆ ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಿ. ಎರಡನ್ನೂ ಒಟ್ಟಿಗೆ ಕಳುಹಿಸುವುದೆಂದರೆ ಬೀಗದ ಕೈಯನ್ನು ಬೀಗಕ್ಕೇ ತೂಗುಹಾಕಿದಂತೆ.

ಹಣ ಕಳೆದುಕೊಳ್ಳುವಂತಹ ವಂಚನೆ ನಡೆದಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆ ನಮಗೆ ಅನ್ವಯವಾಗದಿರಲಿ. ರಾತ್ರಿ ಶಟರ್ ಎಳೆದ ಮೇಲೆ ಬೀಗವನ್ನು ಒಮ್ಮೆ ಜಗ್ಗಿ ನೋಡುವ ಅಭ್ಯಾಸ ನಮ್ಮೆಲ್ಲರಿಗಿದೆ. ಈ ವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಫೈಲುಗಳ ಬೀಗವನ್ನೂ ಒಮ್ಮೆ ಜಗ್ಗಿ ನೋಡೋಣ.