ಮುಟ್ಟಿನ ಬಟ್ಟೆಗೆ ಬಿಸಿಲು ಬೇಕು

ಮೈನೆರೆದಂದಿನಿಂದ ಸುಮಾರು 50ನೆಯ ವಯಸ್ಸಿನವರೆಗೆ ಸ್ತ್ರೀಯರಲ್ಲಿ ತಿಂಗಳಿಗೊಮ್ಮೆ ಋತುಸ್ರಾವವಾಗುವುದು ಶರೀರದ ಸಹಜಧರ್ಮ. ಆ ದಿನಗಳಲ್ಲಿ ಬಳಸುವ ಸಾಧನವು ಶುಚಿಯಾಗಿಯೂ, ಮೈಗೆ ಹಿತವಾಗಿಯೂ, ಸಂಸಾರದ ಆದಾಯಕ್ಕೆ ತಕ್ಕುದಾಗಿಯೂ ಇರಬೇಕು.

ಅಂಗಡಿಯಲ್ಲಿ ದೊರೆಯುವ ಪ್ಯಾಡುಗಳು ಅನುಕೂಲಕರವೇ ಸರಿ. ಆದರೆ ದಿನಕ್ಕೆ 4ರಂತೆ 5 ದಿನಗಳಿಗೆ 20 ಪ್ಯಾಡುಗಳು ಬೇಕು. ಒಂದಕ್ಕೆ 5 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 1,200 ರೂಪಾಯಿ ವೆಚ್ಚ. ತಾಯಿಯೂ ಇಬ್ಬರು ಹೆಣ್ಣುಮಕ್ಕಳೂ ಇರುವ ಮನೆಯಲ್ಲಿ ಇದು 3,600 ರೂಪಾಯಿಯಾಗುತ್ತದೆ. ಹಣ ಉಳಿಸಲೆಂದು ಒಂದೇ ಪ್ಯಾಡನ್ನು ದಿನವಿಡೀ ಧರಿಸಿದರೆ ತೊಡೆಸಂದು ತರಚಿ ಉರಿಯಾಗುತ್ತದೆ. ಬಹುತೇಕ ಪ್ಯಾಡುಗಳಲ್ಲಿ ಪ್ಲಾಸ್ಟಿಕ್ ಪದರವಿರುವುದರಿಂದ ತಿಪ್ಪೆಯಲ್ಲಿ ಹೂತರೂ ಅದು ಕೊಳೆಯುವುದಿಲ್ಲ.

ಹತ್ತಿಯ ಬಟ್ಟೆಯನ್ನು ತೊಳೆದು ಮತ್ತೆ ಬಳಸುವುದರಿಂದ ಈ ವೆಚ್ಚ ಉಳಿಯುತ್ತದೆ. ಬಟ್ಟೆಯಿಂದ ರೋಗ ಬರುತ್ತದೆಂಬ ಭಾವನೆ ಹಲವರಲ್ಲಿದೆ. ವಾಸ್ತವವಾಗಿ ದೋಷವಿರುವುದು ಅದನ್ನು ಬಚ್ಚಿಟ್ಟು ಒಣಗಿಸುವ ಅಭ್ಯಾಸದಲ್ಲಿ. ಪರರ ಕಣ್ಣಿಗೆ ಬೀಳಬಾರದೆಂದು ಬಚ್ಚಲಿನ ಮೂಲೆಯಲ್ಲೋ ಬೇರೆ ಬಟ್ಟೆಗಳ ಅಡಿಯಲ್ಲೋ ಹರವಿದ ಬಟ್ಟೆ ಪೂರ್ಣವಾಗಿ ಒಣಗುವುದಿಲ್ಲ. ಆ ತೇವದಲ್ಲಿ ರೋಗಾಣುಗಳೂ ಬೂಷ್ಟೂ ಬೆಳೆಯುತ್ತವೆ. ಆದುದರಿಂದ ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು:

1. ಮೆತ್ತನೆಯ, ಶುದ್ಧ ಹತ್ತಿಯ 6ರಿಂದ 8 ಬಟ್ಟೆಗಳನ್ನು ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು.

2. 4ರಿಂದ 6 ಗಂಟೆಗಳಿಗೊಮ್ಮೆ ಬಟ್ಟೆಯನ್ನು ಬದಲಾಯಿಸಬೇಕು.

3. ಮೊದಲು ತಣ್ಣೀರಿನಲ್ಲಿ ನೆನೆಸಿ, ಅನಂತರ ಸಾಬೂನಿನಿಂದ ಒಗೆಯಬೇಕು. ಆರಂಭದಲ್ಲೇ ಬಿಸಿನೀರು ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ.

4. ನೇರ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಬೇಕು. ಮಳೆಗಾಲದಲ್ಲಿ ಗಾಳಿಯಾಡುವೆಡೆ ಒಣಗಿಸಿ ಇಸ್ತ್ರಿ ಮಾಡಬೇಕು.

5. ಒಣಗಿದ ಬಟ್ಟೆಯನ್ನು ಶುಚಿಯಾದ ಚೀಲದಲ್ಲಿ ಇಡಬೇಕು, ಜೀರ್ಣವಾದುದನ್ನು ಬಳಸಬಾರದು.

ಇನ್ನೊಂದು ಸಾಧನವೆಂದರೆ ಮುಟ್ಟಿನ ಕಪ್. ಸಿಲಿಕೋನಿನ ಈ ಮೆತ್ತನೆಯ ಬಟ್ಟಲನ್ನು ಮಡಿಸಿ ಯೋನಿಯೊಳಗೆ ಇಟ್ಟುಕೊಂಡರೆ ಸ್ರಾವವು ಅದರಲ್ಲಿ ಸಂಗ್ರಹವಾಗುತ್ತದೆ. ಇದು ಗರ್ಭಕೋಶದೊಳಗೆ ಹೋಗಲಾರದು. ಕೈಗಳನ್ನು ಸಾಬೂನಿನಿಂದ ತೊಳೆದ ಬಳಿಕವೇ ಕಪ್ಪನ್ನು ಮುಟ್ಟಬೇಕು. 12 ಗಂಟೆಗಳೊಳಗೆ, ಸ್ರಾವ ಹೆಚ್ಚಿದ್ದರೆ ಇನ್ನೂ ಬೇಗ, ತೆಗೆದು ತೊಳೆಯಬೇಕು. ತೆಗೆಯುವಾಗ ತಳವನ್ನು ಒತ್ತಿ ಹಿಡಿತವನ್ನು ಸಡಿಲಿಸಬೇಕು. ಪ್ರತಿ ಮುಟ್ಟಿನ ಮೊದಲೂ ಕೊನೆಗೂ ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಕುದಿಸಬೇಕು. ಒಳ್ಳೆಯ ಕಪ್ ಹಲವು ವರ್ಷ ಬಾಳುತ್ತದೆ. 2022ರಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಹದಿಹರೆಯದ ಹೆಣ್ಣುಮಕ್ಕಳಿಗೆ ಇವನ್ನು ಪ್ರಾಯೋಗಿಕವಾಗಿ ವಿತರಿಸಲಾಯಿತು. ವಂಕಿ ಧರಿಸಿದವರೂ, ಇತ್ತೀಚೆಗೆ ಹೆರಿಗೆಯಾದವರೂ ವೈದ್ಯರ ಸಲಹೆ ಪಡೆದೇ ಇದನ್ನು ಬಳಸತಕ್ಕದ್ದು.

ತುರಿಕೆ, ದುರ್ವಾಸನೆಯ ಬಿಳಿಸೆರಗು, ಕಿಬ್ಬೊಟ್ಟೆನೋವು, ಜ್ವರ ಇಲ್ಲವೆ 7 ದಿನ ಮೀರಿದ ಸ್ರಾವ ಕಂಡುಬಂದಲ್ಲಿ ಸಂಕೋಚಪಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರಬೇಕು.

ಈ ವಿಷಯದಲ್ಲಿ ಮನೆಯ ಹಿರಿಯರ ಮತ್ತು ಗಂಡಸರ ಸಹಕಾರ ಅತ್ಯಗತ್ಯ. ಬಿಸಿಲು ಬೀಳುವೆಡೆ ಒಂದು ಹಗ್ಗ ಕಟ್ಟಿಕೊಟ್ಟು, ಆ ಬಟ್ಟೆಯನ್ನೂ ಇತರ ಬಟ್ಟೆಗಳಂತೆಯೇ ಒಣಗಲು ಬಿಟ್ಟರೆ, ಮನೆಯ ಹೆಣ್ಣುಮಕ್ಕಳು ತಪ್ಪಿಸಬಹುದಾದ ಎಷ್ಟೋ ಬೇನೆಗಳಿಂದ ಪಾರಾಗುವರು.