ಎಳೆಯುವ ಬೋಟಿಗೆ ತಕ್ಕ ಪ್ರೊಪೆಲ್ಲರು

ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಶಬ್ದರೂಪಗಳನ್ನೂ ಧಾತುರೂಪಗಳನ್ನೂ ಬಾಯಿಪಾಠ ಮಾಡಿಸಿ ನಿವೃತ್ತರಾದ ನಾವು ಮೋಟಾರು ಬೋಟಿನ ವಿಷಯವಾಗಿ ಲೇಖನಿಯನ್ನೆತ್ತಿರುವುದನ್ನು ಕಂಡು ವಾಚಕ ಮಹಾಶಯರು ನಕ್ಕರೆ ಆಶ್ಚರ್ಯವೇನೂ ಇಲ್ಲ. ಆದರೆ ನಮ್ಮವರ ಮಕ್ಕಳನೇಕರು ಇಂದು ದೇಶಾಂತರಗಳಲ್ಲಿ ನೆಲೆಸಿ, ಅಲ್ಲಿನ ಸರೋವರಗಳಲ್ಲಿ ಸಂಸಾರಸಮೇತರಾಗಿ ಜಲಕ್ರೀಡೆಯಾಡುತ್ತಿರುವಾಗ, ಈ ವಿಷಯವು ಗೃಹಸ್ಥರಿಗೆ ಸಂಬಂಧಪಡದುದೆಂದು ಹೇಳಲಾಗದು. ಕಳೆದ ಬೇಸಗೆಯಲ್ಲಿ ಅಮೆರಿಕದ ಮಿನ್ನೆಸೋಟ ಸಂಸ್ಥಾನದಲ್ಲಿರುವ ಮಗಳ ಮನೆಯಲ್ಲಿ ಎರಡು ತಿಂಗಳಿದ್ದು, ಕಣ್ಣಾರೆ ಕಂಡುದನ್ನೂ ಬಲ್ಲವರಿಂದ ಕೇಳಿ ತಿಳಿದುದನ್ನೂ ಇಲ್ಲಿ ನಿವೇದಿಸುತ್ತೇವೆ.

ಆ ಸಂಸ್ಥಾನಕ್ಕೂ ಈ ಕ್ರೀಡೆಗೂ ಜನ್ಮಸಂಬಂಧವುಂಟು. ಮಿಸಿಸಿಪ್ಪಿ ನದಿಯು ಅಗಲವಾಗಿ ಹರಡಿ ಪೆಪಿನ್ ಎಂಬ ಸರೋವರವಾಗಿರುವೆಡೆ, ಲೇಕ್ ಸಿಟಿ ಎಂಬ ಊರಿನಲ್ಲಿ, 1922ರಲ್ಲಿ ರಾಲ್ಫ್ ಸ್ಯಾಮ್ಯುಯೆಲ್‌ಸನ್ ಎಂಬ ಹದಿನೆಂಟು ವರ್ಷದ ತರುಣನು ಎರಡು ಪೈನ್ ಹಲಗೆಗಳ ತುದಿಗಳನ್ನು ಬಿಸಿನೀರಿನಲ್ಲಿ ಮೆದುಮಾಡಿ ಬಗ್ಗಿಸಿ, ಅವನ್ನು ಕಾಲಿಗೆ ಕಟ್ಟಿಕೊಂಡು, ಬೋಟಿನ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ನಿಂತನು. ಅನೇಕ ಸಲ ಬಿದ್ದ ಮೇಲೆ, ದೇಹವನ್ನು ಹಿಂದಕ್ಕೆ ವಾಲಿಸಿ ಹಲಗೆಯ ತುದಿಗಳನ್ನು ನೀರಿನಿಂದ ಮೇಲೆತ್ತಿ ಹಿಡಿಯಬೇಕೆಂಬ ಗುಟ್ಟು ಅವನಿಗೆ ಜುಲೈ 2ರಂದು ಸಿದ್ಧಿಸಿತು. ಇಂದು ಹಲಗೆಯ ಮೇಲೆ ನಿಲ್ಲಲಾರದ ಮಕ್ಕಳನ್ನು ಗಾಳಿ ತುಂಬಿದ ದೊಡ್ಡ ಟ್ಯೂಬಿನ ಮೇಲೆ ಮಲಗಿಸಿ ಎಳೆಯುವುದೂ ರೂಢಿಯಾಗಿದೆ.

ನಮ್ಮ ಅಳಿಯಂದಿರ ಬೋಟು ಹದಿನೆಂಟು ಅಡಿಯದು. ಹಿಂಬದಿಗೆ ತಗುಲಿಸಿದ 115 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ನು ಅದಕ್ಕುಂಟು. ನಾಲ್ಕು ಮಂದಿ ಬೋಟಿನಲ್ಲಿ ಕುಳಿತು, ಮಗಳು ಹಲಗೆ ಕಟ್ಟಿಕೊಂಡು ನೀರಿಗಿಳಿದರೆ, ಬೋಟಿನ ಮೂತಿ ಆಕಾಶಕ್ಕೇಳುವುದು, ಎಂಜಿನ್ನು ಗೊರಗುಟ್ಟುವುದು, ಅವಳು ನಿಲ್ಲಲೂ ಆಗದೆ ಮುಳುಗಲೂ ಆಗದೆ ನೀರು ಕುಡಿಯುತ್ತ, ತೋಳು ಸೋತು ಹಗ್ಗವನ್ನು ಬಿಟ್ಟುಬಿಡುವಳು. “ಮಾವನವರೇ, ಇದಕ್ಕೆ 150ರ ಎಂಜಿನ್ನೇ ಆಗಬೇಕು” ಎಂದು ಅಳಿಯಂದಿರು ಸಾವಿರಾರು ಡಾಲರುಗಳ ಲೆಕ್ಕ ಹಾಕತೊಡಗಿದರು. ಮನೆಯ ಸಾಲವೇ ಇನ್ನೂ ತೀರಿರಲಿಲ್ಲವಾದುದರಿಂದ ಮಗಳ ಮುಖವು ಬಾಡಿತು. ಅಷ್ಟರಲ್ಲಿ ದಡದಲ್ಲಿ ಬೋಟುಗಳನ್ನು ರಿಪೇರಿ ಮಾಡುವ ವೃದ್ಧ ಮೆಕ್ಯಾನಿಕ್ಕನೊಬ್ಬನು ಬಂದು, ಎಂಜಿನ್ನನ್ನು ಮುಟ್ಟದೆ, ಅದರ ಬುಡದಲ್ಲಿದ್ದ ಪ್ರೊಪೆಲ್ಲರಿನ ಮೇಲಿನ ಅಂಕಿಗಳನ್ನು ಓದಿ, “ದೋಷವಿರುವುದು ಇಲ್ಲಿ” ಎಂದನು.

ಆ ಅಂಕಿಗಳು 13 ಮತ್ತು 19. ಮೊದಲನೆಯದು ಅಂಗುಲಗಳಲ್ಲಿ ಹೇಳಿದ ವ್ಯಾಸ, ಎರಡನೆಯದು ‘ಪಿಚ್’. ಮರದಲ್ಲಿ ತಿರುಪುಮೊಳೆಯನ್ನು ಒಂದು ಸುತ್ತು ತಿರುಗಿಸಿದರೆ ಅದು ಇಷ್ಟು ಒಳಗೆ ಹೋಗುವುದೆಂಬ ನಿಯಮವಿರುವಂತೆ, ಪ್ರೊಪೆಲ್ಲರು ಒಂದು ಸುತ್ತಿಗೆ ಎಷ್ಟು ಅಂಗುಲ ಮುಂದೆ ಸಾಗಬೇಕೋ ಆ ದೂರವೇ ಪಿಚ್ಚು. ನೀರು ಮರದಂತೆ ಗಟ್ಟಿಯಲ್ಲವಾದಕಾರಣ ಅದು ಸ್ವಲ್ಪ ಜಾರುವುದು. ಹಗ್ಗಕ್ಕೆ ಭಾರ ಬಿದ್ದಾಗ ಇನ್ನೂ ಹೆಚ್ಚಾಗಿ ಜಾರುವುದು. ವ್ಯಾಸವು ಎಂಜಿನ್ನಿನ ಗಾತ್ರಕ್ಕನುಗುಣವಾಗಿ ಬಹುಮಟ್ಟಿಗೆ ನಿಶ್ಚಿತವಾಗಿರುತ್ತದೆ. ಆದಕಾರಣ ಗೃಹಸ್ಥನು ಆರಿಸಬೇಕಾದುದು ಮುಖ್ಯವಾಗಿ ಪಿಚ್ಚನ್ನೇ.

ಇದನ್ನು ಎತ್ತಿನ ಗಾಡಿಯ ದೃಷ್ಟಾಂತದಿಂದ ತಿಳಿಯಬಹುದು. ಬರಿಗಾಡಿ ಕಟ್ಟಿ ಸಮನೆಲದಲ್ಲಿ ಓಡುವ ಎತ್ತು ಉದ್ದುದ್ದ ಹೆಜ್ಜೆಯಿಡುತ್ತದೆ. ಮೂಟೆ ತುಂಬಿ ದಿಣ್ಣೆ ಹತ್ತುವಾಗ ಅದೇ ಎತ್ತು ಗಿಡ್ಡ ಹೆಜ್ಜೆಗಳನ್ನು ಬೇಗಬೇಗನೆ ಇಡುತ್ತದೆ. ಹೆಚ್ಚಿನ ಪಿಚ್ಚು ಉದ್ದ ಹೆಜ್ಜೆ. ವೇಗಕ್ಕೆ ಅದು ಒಳ್ಳೆಯದು. ಕಡಿಮೆ ಪಿಚ್ಚು ಗಿಡ್ಡ ಹೆಜ್ಜೆ. ಭಾರವನ್ನೆತ್ತಲು ಅದೇ ಬೇಕು. ಹಗ್ಗದ ಕೊನೆಯಲ್ಲಿ ಮನುಷ್ಯನೊಬ್ಬನು ಅರ್ಧ ಮುಳುಗಿರುವ ಬೋಟು ದಿಣ್ಣೆಯ ಗಾಡಿಯೇ ಸರಿ.

ಹಾಗಾದರೆ ಎಷ್ಟು ಕಡಿಮೆ? ಇದನ್ನು ನಿರ್ಣಯಿಸುವುದು ಟ್ಯಾಕೋಮೀಟರ್ ಎಂಬ, ಎಂಜಿನ್ನಿನ ಸುತ್ತುಗಳನ್ನು ತೋರಿಸುವ ಗಡಿಯಾರದಂಥ ಯಂತ್ರವು. ಪೂರ್ಣ ಥ್ರಾಟಲ್ ಕೊಟ್ಟಾಗ ಎಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ಸುತ್ತಬೇಕೆಂಬುದನ್ನು ಅದರ ಕೈಪಿಡಿಯಲ್ಲಿ ಮುದ್ರಿಸಿರುತ್ತಾರೆ. ಅಳಿಯಂದಿರ ಎಂಜಿನ್ನಿಗೆ ಅದು 5,000ದಿಂದ 6,000. ಮನೆಮಂದಿಯೆಲ್ಲ ಕುಳಿತು, ಹಗ್ಗಕ್ಕೆ ಯಾರನ್ನೂ ಕಟ್ಟದೆ ಓಡಿಸಿ ನೋಡಿದಾಗ ಮುಳ್ಳು 4,900ನ್ನು ದಾಟಲೇ ಇಲ್ಲ. ಪಿಚ್ಚನ್ನು ಒಂದು ಅಂಗುಲ ಇಳಿಸಿದರೆ ಸುತ್ತುಗಳು ಸುಮಾರು 150ರಿಂದ 200ರಷ್ಟು ಏರುವುವು. ಮೆಕ್ಯಾನಿಕ್ಕನು 17ರ ಪಿಚ್ಚಿನದನ್ನು ತೊಡಿಸಿದನು. ಮುಳ್ಳು 5,300ಕ್ಕೆ ಏರಿತು.

ವೇಗ ನಷ್ಟವಾಗದೇ ಎಂದು ಅಳಿಯಂದಿರು ಶಂಕಿಸಿದರು. ನಾವು ಕಾಗದದ ಮೇಲೆ ಲೆಕ್ಕ ಹಾಕಿದೆವು. ಎಂಜಿನ್ನಿನ ಎರಡು ಸುತ್ತಿಗೆ ಪ್ರೊಪೆಲ್ಲರಿನದು ಒಂದು ಸುತ್ತೆಂದು ಸ್ಥೂಲವಾಗಿ ಹಿಡಿದರೆ, ಮೊದಲಿನದು ಜಾರಿಕೆಯನ್ನು ಕಳೆಯುವ ಮುನ್ನ ಗಂಟೆಗೆ ಸುಮಾರು 71 ಕಿಲೋಮೀಟರು. ಹೊಸದು ಸುಮಾರು 69. ನಷ್ಟವು ಎರಡೇ ಕಿಲೋಮೀಟರು! ಅದೂ ಬರಿಯ ಓಟದಲ್ಲಿ. ಹಲಗೆಯ ಮೇಲೆ ನಿಲ್ಲುವ ವಯಸ್ಕರಿಗೆ 20ರಿಂದ 30 ಮೈಲಿಯ ವೇಗವೇ ಸಾಕು. ಟ್ಯೂಬಿನ ಮೇಲಿನ ಮಕ್ಕಳಿಗೆ 15 ಮೈಲಿಯನ್ನು ಮೀರಲೇಕೂಡದು. ಬಳಸದ ವೇಗಕ್ಕಾಗಿ ಬೇಕಾದ ಬಲವನ್ನು ಬಿಡುವುದು ಯಾವ ಜಾಣತನ? ಮಗಳು ಅಂದು ಎರಡನೆಯ ಪ್ರಯತ್ನದಲ್ಲಿಯೇ ನೀರಿನ ಮೇಲೆ ನೆಟ್ಟಗೆ ನಿಂತಳು. 150ರ ಎಂಜಿನ್ನಿನ ಮಾತು ಅಲ್ಲಿಗೇ ನಿಂತಿತು.

ಪಿಚ್ಚು ಕಡಿಮೆಯಾದಷ್ಟೂ ಒಳ್ಳೆಯದೆಂದು ಮಾತ್ರ ಭಾವಿಸತಕ್ಕದ್ದಲ್ಲ. ಬಹಳ ಇಳಿಸಿದರೆ ಎಂಜಿನ್ನು ಮೇಲಿನ ಮಿತಿಯನ್ನು ದಾಟಿ ಸುತ್ತಿ ಕೆಡುವುದು. ಬಹಳ ಏರಿಸಿದರೆ ಏದುಸಿರು ಬಿಟ್ಟು ಸವೆಯುವುದು. ಅಲಗುಗಳ ಸಂಖ್ಯೆಯೂ ವಿಚಾರಣೀಯವೇ. ಮೂರು ಅಲಗಿನದು ಸಾಮಾನ್ಯ ಬಳಕೆಗೆ ಸಾಕು. ನಾಲ್ಕು ಅಲಗಿನದು ತಿರುವುಗಳಲ್ಲಿ ನೀರನ್ನು ಬಿಡದೆ ಕಚ್ಚಿಕೊಂಡು, ಮಂದ ವೇಗದಲ್ಲಿಯೂ ಬೋಟನ್ನು ನೀರಿನ ಮೇಲೆತ್ತಿ ಹಿಡಿಯುವುದರಿಂದ, ಟ್ಯೂಬನ್ನೆಳೆಯುವವರಿಗೆ ಹಿತಕರ. ಆದರೆ ಅದು ಸುತ್ತುಗಳನ್ನು ತುಸು ತಗ್ಗಿಸುವುದರಿಂದ ಪಿಚ್ಚನ್ನು ಇನ್ನೊಂದು ಅಂಗುಲದಷ್ಟು ಇಳಿಸಬೇಕಾಗಬಹುದು. ಅಲ್ಯೂಮಿನಿಯಮ್ಮಿನದು ಅಗ್ಗ, ಕಲ್ಲಿಗೆ ತಗುಲಿದರೆ ತಾನೇ ಬಾಗುವುದು. ಸ್ಟೇನ್‌ಲೆಸ್ ಉಕ್ಕಿನದು ತೆಳು ಅಲಗಿನದಾದರೂ ಬಾಗದೆ ಎಳೆಯುವುದು, ಬೆಲೆ ಮಾತ್ರ ಹೆಚ್ಚು. ಯಾವುದನ್ನು ಕೊಂಡರೂ ಹಳೆಯದನ್ನು ಎಸೆಯದೆ, ಬಿಚ್ಚುವ ಸಲಕರಣೆಯೊಡನೆ ಬೋಟಿನಲ್ಲಿ ಇಟ್ಟಿರಬೇಕು.

ಪ್ರೊಪೆಲ್ಲರಿಗೆ ಲೋಕದಲ್ಲಿ ಕೀರ್ತಿ ಬಂದುದೂ ಎಳೆತದಿಂದಲೇ ಎಂಬುದನ್ನು ಇಲ್ಲಿ ಸ್ಮರಿಸಬಹುದು. 1845ರಲ್ಲಿ ಆಂಗ್ಲ ನೌಕಾಪಡೆಯವರು ಪ್ರೊಪೆಲ್ಲರಿನ ‘ರ‍್ಯಾಟ್ಲರ್’ ಹಡಗನ್ನೂ ಪಕ್ಕಚಕ್ರಗಳ ‘ಅಲೆಕ್ಟೋ’ ಹಡಗನ್ನೂ ಹಿಂಬದಿಗೆ ಹಿಂಬದಿ ಕಟ್ಟಿ ಹಗ್ಗಜಗ್ಗಾಟವಾಡಿಸಿದರು. ರ‍್ಯಾಟ್ಲರು ಅಲೆಕ್ಟೋವನ್ನು ಹಿಮ್ಮುಖವಾಗಿ ಎಳೆದುಕೊಂಡೇ ಹೋಯಿತು.

ಇನ್ನು ಒಂದು ಮಾತನ್ನು ಹೇಳದೆ ಮುಗಿಸಲಾರೆವು. ಹೊಸ ಪ್ರೊಪೆಲ್ಲರು ಬಂದ ಮೂರನೆಯ ದಿನ ಎಂಟು ವರ್ಷದ ಮೊಮ್ಮಗನು ಟ್ಯೂಬಿನಿಂದ ಉರುಳಿ ನೀರಿಗೆ ಬಿದ್ದನು. ಅಳಿಯಂದಿರು ಗಾಬರಿಯಿಂದ ಬೋಟನ್ನು ಹಿಮ್ಮುಖವಾಗಿಯೇ ಅವನ ಕಡೆಗೆ ನಡೆಸಿದರು. ಹಿಂಬದಿಯಲ್ಲಿಯೇ ಅಲ್ಲವೇ ಆ ತಿರುಗುವ ಅಲಗುಗಳಿರುವುದು! ನಾವು ಪಕ್ಕದಲ್ಲಿದ್ದೂ ನಮಗೆ ಹೊಳೆಯಲಿಲ್ಲ. ಮಗಳು ಒಂದೇ ನೆಗೆತಕ್ಕೆ ಬಂದು, ನಡೆಸುವವರ ಮೈಗೆ ತಗುಲಿಸಿದ್ದ ಸುರಕ್ಷೆಯ ಹುರಿಯನ್ನು ಸೆಳೆದಳು. ಎಂಜಿನ್ನು ಥಟ್ಟನೆ ನಿಂತಿತು. ಹುಡುಗನು ನಗುತ್ತ ಈಜಿ ಬಂದು, “ತಾತ, ಇನ್ನೊಂದು ಸಲ!” ಎಂದನು. ನಮ್ಮ ಕೈಗಳು ಮಾತ್ರ ಬಹಳ ಹೊತ್ತು ನಡುಗುತ್ತಿದ್ದುವು.

ಆ ದೇಶದ ಕೇಂದ್ರ ಸರ್ಕಾರವು 26 ಅಡಿಗಿಂತ ಚಿಕ್ಕ ಬೋಟುಗಳನ್ನು ನಡೆಸುವವರು ಇಂಥ ಹುರಿಯನ್ನು ಬಳಸಬೇಕೆಂದು 2021ರ ಏಪ್ರಿಲ್‌ನಿಂದ ವಿಧಿಸಿರುವುದರ ಅರ್ಥವು ಅಂದು ನಮಗೆ ಮನವರಿಕೆಯಾಯಿತು. ಬಿದ್ದವರ ಬಳಿಗೆ ಸುತ್ತಿ ಬಂದು, ಅವರು ಸದಾ ಕಣ್ಣಿಗೆ ಬೀಳುವಂತೆ ಮುಂದಿನಿಂದ ಮೆಲ್ಲಗೆ ಸಮೀಪಿಸಬೇಕು. ಹತ್ತಿಸಿಕೊಳ್ಳುವ ಮೊದಲು ಎಂಜಿನ್ನನ್ನು ಆರಿಸಿಯೇಬಿಡಬೇಕು. ನ್ಯೂಟ್ರಲಿನಲ್ಲಿಟ್ಟರೆ ಸಾಲದು, ಅಲಗು ಆಗಲೂ ಮೆಲ್ಲಗೆ ತಿರುಗುತ್ತಿರಬಹುದು. ಎಳೆಸಿಕೊಳ್ಳುವವನನ್ನು ನೋಡುತ್ತಿರಲು, ನಡೆಸುವವನಲ್ಲದೆ ಇನ್ನೊಬ್ಬನು ಬೋಟಿನಲ್ಲಿರಬೇಕು.

ವಾಕ್ಯವು ಅರ್ಥ ಕೊಡಬೇಕಾದರೆ ಪದಗಳಲ್ಲಿ ಪರಸ್ಪರ ಯೋಗ್ಯತೆಯಿರಬೇಕೆಂದೂ, ಬೆಂಕಿಯಿಂದ ತೋಯಿಸೆಂದರೆ ವಾಕ್ಯವೇ ಆಗದೆಂದೂ ತರ್ಕಶಾಸ್ತ್ರದಲ್ಲಿ ನಾವು ಹುಡುಗರಿಗೆ ಹೇಳುತ್ತಿದ್ದೆವು. ಎಂಜಿನ್ನು, ಬೋಟು, ಭಾರ, ಪ್ರೊಪೆಲ್ಲರು ಇವುಗಳೊಳಗೂ ಆ ಯೋಗ್ಯತೆಯೇ ಬೇಕು. ಅದನ್ನು ಮುಳ್ಳು ನೋಡಿ ತಿಳಿಯಬಹುದು. ಆದರೆ ಹಗ್ಗದ ಕೊನೆಯಲ್ಲಿರುವುದು ಭಾರವಲ್ಲ, ಮನೆಯ ಮಗು, ಎಂಬುದನ್ನು ಯಾವ ಮುಳ್ಳೂ ತೋರಿಸದು. ಅದನ್ನು ನಾವೇ ನೆನಪಿಟ್ಟುಕೊಳ್ಳಬೇಕು.